ಶ್ರುತಭಂಡಾರದ ಚಿತ್ರಪತ್ರಗಳು: ತಿಪ್ಪೂರಿನಿಂದ ಮೂಡಬಿದಿರೆಯವರೆಗೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಅರೆತಿಪ್ಪೂರು ಜೈನಶಾಸನಗಳ ಅಭ್ಯಾಸಿಗಳಿಗೆ ಅಪರಿಚಿತವಾದ ಸ್ಥಳವಲ್ಲ. ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಇಲ್ಲಿಯ ಶಾಸನಗಳು ಮಳವಳ್ಳಿ ತಾಲ್ಲೂಕಿನ ಅನುಕ್ರಮದಲ್ಲಿ ಅಚ್ಚಾಗಿರುವುದರಿಂದ, ಇವುಗಳನ್ನು ಮದ್ದೂರಿನ ಅಂಕಿಗಳಲ್ಲಿ ಹುಡುಕುವವರು ನಿರಾಶರಾಗುವುದುಂಟು. ಗಂಗರ ಕಾಲದಲ್ಲಿಯೇ ಈ ಬೆಟ್ಟಕ್ಕೆ ಕನಕಗಿರಿತೀರ್ಥವೆಂಬ ಹೆಸರಿದ್ದಿತು. ಇಲ್ಲಿಯ ಬಸದಿಗೆ ದತ್ತಿ ಸಂದಿದ್ದಿತು. ಬೆಟ್ಟದ ಮೇಲಿನ ಬಾಹುಬಲಿಯ ಮೂರ್ತಿಯೂ ಸುತ್ತಲಿನ ಬಸದಿಗಳ ಅವಶೇಷಗಳೂ ಆ ಪ್ರಾಚೀನತೆಗೆ ಇಂದಿಗೂ ಸಾಕ್ಷಿಯಾಗಿವೆ.

ಪ್ರಸ್ತುತ ವಿಷಯಕ್ಕೆ ಬೇಕಾದುದು ಹೊಯ್ಸಳರ ಕಾಲದ ಶಾಸನ. ತಲಕಾಡಿನಲ್ಲಿ ಚೋಳರ ಪಕ್ಷದ ಆದಿಯಮನನ್ನು ಸೋಲಿಸಿದ ದಂಡನಾಯಕ ಗಂಗರಾಜನು ವಿಷ್ಣುವರ್ಧನನಿಂದ ತಿಪ್ಪೂರನ್ನು ಪಡೆದು, 1117ರಲ್ಲಿ ಅದನ್ನು ಮೂಲಸಂಘದ ಕ್ರಾಣೂರ್ಗಣ ತಿಂತ್ರಿಣೀಗಚ್ಛದ ಮೇಘಚಂದ್ರ ಸಿದ್ಧಾಂತದೇವರಿಗೆ ಕೊಟ್ಟನೆಂದು ಅದು ಹೇಳುತ್ತದೆ. (1115ರಲ್ಲಿ ಶ್ರವಣಬೆಳಗೊಳದಲ್ಲಿ ಸಮಾಧಿಹೊಂದಿದ ಮೇಘಚಂದ್ರ ತ್ರೈವಿದ್ಯದೇವರು ಪುಸ್ತಕಗಚ್ಛದವರು, ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಂದಾಗಿಸಬಾರದು.) ದಾನ ಪಡೆದ ಮುನಿಗೆ ಸಂದಿರುವ ‘ಸಿದ್ಧಾಂತದೇವ’ ಎಂಬ ಬಿರುದು ಬರಿಯ ಗೌರವವಾಚಕವಲ್ಲ. ಷಟ್ಖಂಡಾಗಮವನ್ನೂ ಕಷಾಯಪ್ರಾಭೃತವನ್ನೂ ವೀರಸೇನ ಜಿನಸೇನರ ಟೀಕೆಗಳೊಡನೆ ಅಧ್ಯಯನಮಾಡಿದವರಿಗೆ ಸಲ್ಲುತ್ತಿದ್ದ ಬಿರುದು ಅದು. ಅಂತಹ ಮುನಿಗಳಿದ್ದ ಕಡೆ ಗ್ರಂಥಗಳೂ ಇದ್ದಿರಲೇಬೇಕು. ತಿಪ್ಪೂರಿನಲ್ಲಿ ಕಲ್ಲು ಉಳಿಯಿತು, ಗರಿ ಉಳಿಯಲಿಲ್ಲ.

ಆ ಕಾಲದ ಸಿದ್ಧಾಂತಗ್ರಂಥವೊಂದು ಹೇಗಿದ್ದಿತೆಂಬುದನ್ನು ತಿಳಿಯಲು ಘಟ್ಟ ಇಳಿದು ಮೂಡಬಿದಿರೆಯ ಸಿದ್ಧಾಂತಬಸದಿಗೆ ಹೋಗಬೇಕು. ಗುರುಬಸದಿಯೆಂದೂ ಪ್ರಸಿದ್ಧವಾದ ಆ ಬಸದಿಯ ಶ್ರುತಭಂಡಾರದಲ್ಲಿ ಧವಲ, ಜಯಧವಲ ಮತ್ತು ಮಹಾಧವಲವೆಂದು ಕರೆಯುವ ಮಹಾಬಂಧ, ಈ ಮೂರು ಗ್ರಂಥಗಳ ಹಳೆಗನ್ನಡ ಲಿಪಿಯ ತಾಡಪತ್ರ ಪ್ರತಿಗಳು ರಕ್ಷಿತವಾಗಿ ಬಂದಿವೆ. ಇವು ಶ್ರವಣಬೆಳಗೊಳದ ಕಡೆಯಿಂದ ಅಲ್ಲಿಗೆ ಸೇರಿದುವೆಂಬ ಪ್ರತೀತಿಯುಂಟು. ಈ ಗರಿಗಳಲ್ಲಿ ಕೆಲವು ಸಚಿತ್ರವಾಗಿವೆ. ತೀರ್ಥಂಕರರು, ಬಾಹುಬಲಿ, ಶ್ರುತದೇವಿ, ಯಕ್ಷಯಕ್ಷಿಯರು, ಅಂಜಲಿಬದ್ಧರಾದ ಭಕ್ತರು ಇಲ್ಲಿ ಬಣ್ಣಗಳಲ್ಲಿ ಮೂಡಿದ್ದಾರೆ. ಹೊಯ್ಸಳರ ಶಿಲ್ಪವೈಭವವನ್ನು ಕುರಿತು ಬರೆಯದವರಿಲ್ಲ. ಅವರ ಕಾಲದ ವರ್ಣಚಿತ್ರಕ್ಕೆ ಮಾತ್ರ ಈ ಗರಿಗಳನ್ನು ಬಿಟ್ಟರೆ ಆಧಾರ ಅತ್ಯಲ್ಪ. ದಕ್ಷಿಣ ಭಾರತದ ಚಿತ್ರಕಲೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಸಿ. ಶಿವರಾಮಮೂರ್ತಿಯವರು ಇವನ್ನು ಹೊಯ್ಸಳ ಚಿತ್ರಕಲೆಯ ಪ್ರತಿನಿಧಿಗಳಾಗಿ ಎಣಿಸಿದುದು ಯುಕ್ತವಾಗಿಯೇ ಇದೆ.

ಜೈಸಲ್ಮೇರದ ಜಿನಭದ್ರಸೂರಿ ಭಂಡಾರದಲ್ಲಿ 1060ರ ಸಚಿತ್ರ ತಾಡಪತ್ರ ಪ್ರತಿ ದೊರೆತಿದೆ. ಕಾಲದಲ್ಲಿ ಅದು ಮೊದಲಿನದು. ಆದರೆ ಪಶ್ಚಿಮ ಭಾರತದ ಶೈಲಿ ಮುಂದೆ ರೂಢಿಸಿಕೊಂಡ, ಕೆನ್ನೆಯ ಅಂಚಿನಿಂದ ಹೊರಕ್ಕೆ ಚಾಚಿದ ಕಣ್ಣು ಮೂಡಬಿದಿರೆಯ ಗರಿಗಳ ಲಕ್ಷಣವಲ್ಲ. ಇಲ್ಲಿಯ ಮುಖಭಾವ, ಆಭರಣ, ಆಸನದ ವಿನ್ಯಾಸಗಳು ನಮ್ಮ ನಾಡಿನ ಬಸದಿಗಳ ಶಿಲ್ಪಕ್ಕೆ ಹತ್ತಿರವಾದುವು. ಗುಜರಾತಿನ ಪದ್ಧತಿಯ ಶಾಖೆಯೆಂದು ಇವನ್ನು ಎಣಿಸಲು ಕಾರಣವಿಲ್ಲ.

ಇವನ್ನು ಬರೆಯಿಸಿದವರು ಯಾರು? ಧವಲದ ಪ್ರತಿಯ ಅಂತ್ಯಪ್ರಶಸ್ತಿಯಂತೆ, ಮಂಡಲಿನಾಡಿನ ಭುಜಬಲ ಗಂಗಪೆರ್ಮಾಡಿದೇವನ ಅತ್ತೆ ದೇಮಿಯಕ್ಕ ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಯಲ್ಲಿ ಈ ಗ್ರಂಥವನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಸೇನನ ಮಡದಿ ಮಲ್ಲಿಕವ್ವೆ ಅದೇ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಯತಿಗಳಿಗೆ ಕೊಟ್ಟಳು. ಇಬ್ಬರು ಶ್ರಾವಕಿಯರ ವ್ರತದಿಂದ ಸಿದ್ಧಾಂತವೇ ಉಳಿಯಿತೆಂದರೆ ಅತಿಶಯೋಕ್ತಿಯಾಗದು.

ಧವಲದ ಪ್ರಶಸ್ತಿಯ ಶುಭಚಂದ್ರರು ಗಂಗರಾಜನ ಗುರುಗಳೇ ಎಂದು ಡಾ. ಹೀರಾಲಾಲ್ ಜೈನ್ ಅವರು ಅಭಿಪ್ರಾಯಪಟ್ಟಿದ್ದಾರೆ. ದೇಶೀಗಣ ಪುಸ್ತಕಗಚ್ಛದ ಈ ಆಚಾರ್ಯರು 1123ರಲ್ಲಿ ಸಮಾಧಿಹೊಂದಿದಾಗ ಶ್ರವಣಬೆಳಗೊಳದಲ್ಲಿ ಅವರ ನಿಷಿಧಿಯನ್ನು ಮಾಡಿಸಿದವನು ಗಂಗರಾಜನೇ. ಹಾಗಾದರೆ ತಿಪ್ಪೂರಿನ ದತ್ತಿಯೂ ಧವಲದ ಸಚಿತ್ರ ಪ್ರತಿಯೂ ಒಂದೇ ದಶಕದ, ಒಂದೇ ಶಿಷ್ಯವರ್ಗದ ನೆರಳಿನಲ್ಲಿ ನಡೆದ ಕಾರ್ಯಗಳಾಗುತ್ತವೆ. ಗಣಗಚ್ಛಗಳು ಬೇರೆಯಾಗಿದ್ದರೂ ದಂಡನಾಯಕನ ಔದಾರ್ಯಕ್ಕೆ ಆ ಭೇದ ಅಡ್ಡಿಯಾಗಲಿಲ್ಲವೆಂಬುದನ್ನೂ ಗಮನಿಸಬೇಕು.

ಶ್ರವಣಬೆಳಗೊಳದ ಇನ್ನೊಂದು ಶಾಸನ 1120ರಲ್ಲಿ ಸಮಾಧಿಮರಣವನ್ನು ಹೊಂದಿದ ದೇಮತಿಯನ್ನು ಹೊಗಳುತ್ತದೆ. ಆಕೆಯೂ ಶುಭಚಂದ್ರರ ಶಿಷ್ಯೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧದಾನಗಳಲ್ಲಿ ನಿರತಳಾಗಿದ್ದವಳು. ಈಕೆಯೇ ಧವಲದ ದೇಮಿಯಕ್ಕನೆಂಬ ಊಹೆ ಆಕರ್ಷಕವಾದುದು. ಆದರೆ ದೇಮತಿಯನ್ನು ಶಾಸನ ಚಾಮುಂಡನೆಂಬ ವಣಿಕನ ಪತ್ನಿಯೆನ್ನುತ್ತದೆ. ದೇಮಿಯಕ್ಕನನ್ನು ಪ್ರಶಸ್ತಿ ಗಂಗ ಮಾಂಡಲಿಕನ ಅತ್ತೆಯೆನ್ನುತ್ತದೆ. ಹೆಸರಿನ ಹೋಲಿಕೆ ಮತ್ತು ಗುರುವಿನ ಐಕ್ಯ, ಇವೆರಡರಿಂದಲೇ ಇಬ್ಬರನ್ನು ಒಬ್ಬರೆನ್ನಲು ಬರುವುದಿಲ್ಲ. ಬೇರೆ ಆಧಾರ ದೊರೆಯುವವರೆಗೆ ಊಹೆ ಊಹೆಯಾಗಿಯೇ ಇರಬೇಕು.

ಶ್ರುತಪಂಚಮಿಯ ಸಂದರ್ಭವನ್ನು ಮರೆತರೆ ಈ ಚಿತ್ರಗಳ ಉದ್ದೇಶವೇ ತಿಳಿಯದು. ಪುಷ್ಪದಂತ ಭೂತಬಲಿಗಳು ರಚಿಸಿದ ಷಟ್ಖಂಡಾಗಮ ಪುಸ್ತಕಾರೂಢವಾಗಿ, ಜ್ಯೇಷ್ಠ ಶುದ್ಧ ಪಂಚಮಿಯಂದು ಚತುಃಸಂಘದಿಂದ ಪೂಜೆಗೊಂಡಿತೆಂಬುದು ಇಂದ್ರನಂದಿಯ ಶ್ರುತಾವತಾರ ತಿಳಿಸುವ ಪರಂಪರೆ. ಅಂದು ಭಂಡಾರಗಳಿಂದ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಕಟ್ಟಿ, ಪೀಠದ ಮೇಲಿಟ್ಟು ಅರ್ಚಿಸುತ್ತಾರೆ. ಇಂದಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಚಿತ್ರಪಟಗಳು ಗೋಡೆಯ ಮೇಲಿರುತ್ತವೆ, ಗ್ರಂಥಗಳು ಕಪಾಟಿನಲ್ಲಿರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರಬೇಕೆಂಬ ನಿರ್ಬಂಧವಿಲ್ಲ. ಶ್ರುತಭಂಡಾರದಲ್ಲಿ ಚಿತ್ರವು ಗ್ರಂಥದ ಅಂಗವೇ ಆಗಿರುತ್ತದೆ; ಗ್ರಂಥ ತೆರೆದಾಗಲೇ ಅದರ ದರ್ಶನ.

ಮೂಡಬಿದಿರೆಯಲ್ಲಿ ಈ ದರ್ಶನವು ವಿಶಿಷ್ಟ ರೂಪವನ್ನು ತಾಳಿತು. ಸಿದ್ಧಾಂತದ ರಹಸ್ಯವನ್ನು ಓದಲು ಗೃಹಸ್ಥನಿಗೆ ಅಧಿಕಾರವಿಲ್ಲವೆಂದು ವಸುನಂದಿ, ಆಶಾಧರರಂತಹ ಶ್ರಾವಕಾಚಾರಕಾರರು ವಿಧಿಸಿದ್ದರು. ಯಾತ್ರಿಕರು ರತ್ನಪ್ರತಿಮೆಗಳ ದರ್ಶನ ಮಾಡಿದಂತೆಯೇ ಸಿದ್ಧಾಂತದ ದರ್ಶನವನ್ನೂ ಮಾಡಿ ಕೈಮುಗಿದು ಹಿಂದಿರುಗುತ್ತಿದ್ದರು. ಅಕ್ಷರವನ್ನು ಓದದ ಕಣ್ಣಿಗೆ ಗರಿಯ ಮೇಲೆ ಎಟುಕುತ್ತಿದ್ದುದು ಚಿತ್ರವೊಂದೇ. ಓದುವ ಅಧಿಕಾರವಿಲ್ಲದವರಿಗಾಗಿಯೇ ಬಣ್ಣವನ್ನು ಹಾಕಿದಂತಾಯಿತು! ಈ ಕಟ್ಟುನಿಟ್ಟನ್ನು ನಿಂದಿಸುವವರಿದ್ದಾರೆ. ನಿಂದೆಗೆ ಕಾರಣವೂ ಇದೆ. ಆದರೆ ಎಂಟು ಶತಮಾನಗಳ ಕಾಲ ಬೆಳಕಿಗೂ ಬೆರಳಿಗೂ ಸಿಗದೆ ಕಟ್ಟಿನೊಳಗೆ ಉಳಿದುದರಿಂದಲೇ ಆ ವರ್ಣಗಳು ಉಳಿದುವೆಂಬುದನ್ನೂ ಒಪ್ಪಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪರಿಸ್ಥಿತಿ ಬದಲಾಯಿತು. ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಮೊದಲಾದವರ ಪ್ರಯತ್ನದಿಂದ 1896ರ ಸುಮಾರಿಗೆ ಪ್ರತಿಲಿಪಿಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜದ ಗಜಪತಿ ಶಾಸ್ತ್ರಿಗಳೂ ಅದರಲ್ಲಿ ತೊಡಗಿದರು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲಸಹಿತ ಷಟ್ಖಂಡಾಗಮದ ಮೊದಲ ಸಂಪುಟ ಹೊರಬಂದಿತು. 16 ಸಂಪುಟಗಳಲ್ಲಿ ಆ ಮಹಾಕಾರ್ಯ ಪೂರ್ಣವಾಯಿತು. ಆಚಾರ್ಯ ಶಾಂತಿಸಾಗರ ಮಹಾರಾಜರ ಪ್ರೇರಣೆಯಿಂದ ಸಿದ್ಧಾಂತವನ್ನು ತಾಮ್ರಪತ್ರಗಳಲ್ಲಿಯೂ ಕೆತ್ತಿಸಲಾಯಿತು. ಇವೆಲ್ಲವುಗಳಿಂದ ಅಕ್ಷರವು ಅಭಯವನ್ನು ಪಡೆಯಿತು. ಮೂಲದ ಗರಿಗೆ ಏನಾದರೂ ವೀರಸೇನರ ವಾಕ್ಯ ಇನ್ನು ಅಳಿಯದು. ಚಿತ್ರಕ್ಕೆ ಅಂತಹ ಅಭಯವಿಲ್ಲ. ಲಿಪಿಕಾರನು ಅಕ್ಷರದಿಂದ ಅಕ್ಷರಕ್ಕೆ ಸಾಗುತ್ತಾನೆ. ನಡುವೆ ಬಂದ ಶ್ರುತದೇವಿಯನ್ನು ಪ್ರತಿಮಾಡುವುದು ಅವನ ಕಸುಬಲ್ಲ.

ಚಿತ್ರಗಳು ಅಚ್ಚಿನಲ್ಲಿ ಬಂದುದು ಹೆಚ್ಚಾಗಿ ಕಲೆಯ ಇತಿಹಾಸಕಾರರ ಕೃತಿಗಳಲ್ಲಿ. ಅವರ ಉಪಕಾರವನ್ನು ಸ್ಮರಿಸಲೇಬೇಕು. ಆದರೆ ಅಲ್ಲಿ ಚಿತ್ರವನ್ನು ಗರಿಯಿಂದ ಬಿಡಿಸಿ, ದೊಡ್ಡದುಮಾಡಿ, ಕೆಳಗೆ ‘ಯಕ್ಷಿ’ ಎಂದೋ ‘ಭಕ್ತರು’ ಎಂದೋ ಬರೆದು ನಿಲ್ಲಿಸುವುದೇ ರೂಢಿ. ಯಾವ ಗ್ರಂಥದ ಎಷ್ಟನೆಯ ಗರಿ, ಎಡಬಲಗಳಲ್ಲಿ ಯಾವ ಪ್ರಕರಣದ ಪಾಠ, ಪ್ರಶಸ್ತಿಗೆ ಎಷ್ಟು ದೂರ ಎಂಬುದು ಓದುಗನಿಗೆ ತಿಳಿಯದು. ಇತ್ತ ಹಸ್ತಪ್ರತಿಗಳ ಸೂಚಿಗಳಲ್ಲಿ ಕರ್ತೃ, ವಿಷಯ, ಭಾಷೆ, ಪತ್ರಸಂಖ್ಯೆಗಳಿಗೆ ಅಂಕಣಗಳಿರುತ್ತವೆ. ಚಿತ್ರಕ್ಕೆ ಇರುವುದು ಅಪರೂಪ. ಪಂ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯ ಮಾರ್ಗವನ್ನು ಮುಂದುವರಿಸುವವರು ಈ ಅಂಕಣವೊಂದನ್ನು ಸೇರಿಸಿದರೆ ಎರಡು ವಿದ್ಯೆಗಳಿಗೂ ಉಪಕಾರವಾದೀತು.

ಇದು ಕೇವಲ ಕ್ರಮಬದ್ಧತೆಯ ಪ್ರಶ್ನೆಯಲ್ಲ. ಯಕ್ಷಯಕ್ಷಿಯರ ವಾಹನ, ಆಯುಧ, ವರ್ಣಗಳು ಒಂದು ಪ್ರತಿಷ್ಠಾಗ್ರಂಥದಲ್ಲಿ ಒಂದು ರೀತಿಯಾಗಿಯೂ ಇನ್ನೊಂದರಲ್ಲಿ ಬೇರೊಂದು ರೀತಿಯಾಗಿಯೂ ಬರುವುದುಂಟು. ಆಶಾಧರರ ಪ್ರತಿಷ್ಠಾಸಾರೋದ್ಧಾರ ಹದಿಮೂರನೆಯ ಶತಮಾನದ್ದು. ಅದಕ್ಕೆ ನೂರು ವರ್ಷಗಳ ಹಿಂದೆ ಕರ್ಣಾಟಕದ ಚಿತ್ರಕಾರನು ಯಾವ ಸಂಪ್ರದಾಯವನ್ನು ಅನುಸರಿಸಿದನೆಂಬುದಕ್ಕೆ ಈ ಗರಿಗಳೇ ಸಾಕ್ಷಿ. ಲಕ್ಷಣಶ್ಲೋಕಗಳನ್ನು ಬಲ್ಲ ಪಂಡಿತರು ಮುಂದೆ ಬಾರದಿದ್ದರೆ ಆ ಸಾಕ್ಷ್ಯವನ್ನು ಓದುವವರಿಲ್ಲ.

ಅಂಜಲಿಬದ್ಧರಾದ ಭಕ್ತರ ಚಿತ್ರಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಧವಲದ ಗರಿಯಲ್ಲಿ ಕೈಮುಗಿದು ಕುಳಿತ ಸ್ತ್ರೀ ದೇಮಿಯಕ್ಕನಾಗಿರಬಹುದು. ಅದೇ ಚಿತ್ರ ಮಹಾಬಂಧದ ಗರಿಯದಾದರೆ ಮಲ್ಲಿಕವ್ವೆಯನ್ನು ನೆನೆಯಬೇಕಾಗುತ್ತದೆ. ಪ್ರಶಸ್ತಿಯಿಂದ ದೂರವಾದ ಗರಿಯದಾದರೆ ಬರಿಯ ಶ್ರಾವಕಿಯೆಂದು ತಿಳಿಯುವುದೇ ಲೇಸು. ಮೂರರಲ್ಲಿ ಯಾವುದೆಂಬುದನ್ನು ಹೇಳಬಲ್ಲುದು ಆ ಗರಿಯ ಅಂಕೆಯೊಂದೇ.