ಕಿತ್ತೂರು ರಾಣಿ ಚೆನ್ನಮ್ಮ ಸ್ಮಾರಕ ವಸ್ತುಸಂಗ್ರಹಾಲಯ

ಕಿತ್ತೂರು ರಾಣಿ ಚೆನ್ನಮ್ಮ ಸ್ಮಾರಕ ವಸ್ತುಸಂಗ್ರಹಾಲಯವು ಬೆಳಗಾವಿ ಜಿಲ್ಲೆಯ ಚನ್ನಮ್ಮನ ಕಿತ್ತೂರಿನ ಕೋಟೆಯ ಆವರಣದಲ್ಲಿದೆ. ರಾಜ್ಯ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯು ಇದನ್ನು ನಿರ್ವಹಿಸುತ್ತದೆ. ಬ್ರಿಟಿಷರ ವಿರುದ್ಧ ಶಸ್ತ್ರ ಹಿಡಿದ ಆದ್ಯ ಭಾರತೀಯ ರಾಣಿಯರಲ್ಲಿ ಒಬ್ಬರಾದ ಚೆನ್ನಮ್ಮನ ನೆನಪಿಗೆ ಇದು ಮೀಸಲಾಗಿದೆ.

ಐತಿಹಾಸಿಕ ಹಿನ್ನೆಲೆ

ಬೆಳಗಾವಿ ಬಳಿಯ ಕಾಕತಿಯಲ್ಲಿ ಜನಿಸಿದ ಚೆನ್ನಮ್ಮ ಕಿತ್ತೂರಿನ ದೊರೆ ಮಲ್ಲಸರ್ಜನನ್ನು ವಿವಾಹವಾದರು. ಮಲ್ಲಸರ್ಜನು 1816ರಲ್ಲಿಯೂ ಆತನ ಮಗ ಶಿವಲಿಂಗರುದ್ರಸರ್ಜನು 1824ರಲ್ಲಿಯೂ ನಿಧನರಾದರು. ದತ್ತುಪುತ್ರನ ಉತ್ತರಾಧಿಕಾರವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಡಾಲ್‌ಹೌಸಿಯು ಗವರ್ನರ್ ಜನರಲ್ ಆಗಿ ಬರುವುದಕ್ಕೆ ಎರಡು ದಶಕಗಳಿಗೂ ಮೊದಲೇ ನಡೆದ ಘಟನೆಯಿದು. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯದೊಡನೆ ಮರಳಿದ ಬ್ರಿಟಿಷರು ಕೋಟೆಯನ್ನು ವಶಪಡಿಸಿಕೊಂಡರು. ಬೈಲಹೊಂಗಲದಲ್ಲಿ ಬಂಧನದಲ್ಲಿದ್ದ ರಾಣಿ 1829ರಲ್ಲಿ ನಿಧನರಾದರು. ಅವರ ಸಮಾಧಿ ಅಲ್ಲಿಯೇ ಇದೆ. ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಸಂಗ್ರಹ

ಖಡ್ಗ ಮೊದಲಾದ ಆಯುಧಗಳು, ಕೆತ್ತನೆಯ ಮರದ ಬಾಗಿಲು ಹಾಗೂ ಕಿಟಕಿಗಳು, ಶಿಲ್ಪಗಳು, ವೀರಗಲ್ಲುಗಳು ಮತ್ತು ಶಾಸನಗಳು ಇಲ್ಲಿವೆ. ಸಂಗ್ರಹವು ಸಂಸ್ಥಾನದ ಕಾಲಕ್ಕೆ ಸೀಮಿತವಾಗಿರದೆ ಪ್ರದೇಶದ ಪ್ರಾಚೀನ ಇತಿಹಾಸವನ್ನೂ ಒಳಗೊಂಡಿದೆ.

ಅರಮನೆಯ ಅವಶೇಷ

ಅರಮನೆಯಲ್ಲಿ ಇಂದು ಉಳಿದಿರುವುದು ತಳಪಾಯ ಮತ್ತು ಮುರಿದ ಗೋಡೆಗಳು ಮಾತ್ರ. ಧ್ರುವನಕ್ಷತ್ರವನ್ನು ನೋಡಲು ಗೋಡೆಯಲ್ಲಿ ಅಳವಡಿಸಿದ ರಂಧ್ರವು ಸಂದರ್ಶಕರ ಗಮನ ಸೆಳೆಯುತ್ತದೆ. ಸಂಗ್ರಹಾಲಯದ ವಸ್ತುಗಳೊಂದಿಗೆ ಈ ಅವಶೇಷಗಳನ್ನೂ ನೋಡಿದಾಗಲೇ ಕಿತ್ತೂರಿನ ಏಳುಬೀಳು ಮನದಟ್ಟಾಗುತ್ತದೆ.

ಪ್ರತಿವರ್ಷ ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ನಡೆಯುತ್ತದೆ.