ತಳಿ ಕ್ಷೇತ್ರದ ಮತದಾನ ವರ್ತನೆ

ತಳಿ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಗಡಿ ವಿಧಾನಸಭಾ ಕ್ಷೇತ್ರ. ಹೊಸೂರಿನ ದಕ್ಷಿಣಕ್ಕಿರುವ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ಆಚೆಗೆ ಕರ್ನಾಟಕದ ಆನೇಕಲ್ಲು, ಕನಕಪುರ ತಾಲ್ಲೂಕುಗಳಿವೆ. ಈಚೆಗೆ ದೇಂಕಣಿಕೋಟೆಯ ಕಾಡಂಚಿನ ಹಳ್ಳಿಗಳು, ರಾಗಿ ಹೊಲಗಳು, ಹೂವು ತರಕಾರಿ ಬೆಳೆಯುವ ತೋಟಗಳು. ಭಾಷಾ ಅಲ್ಪಸಂಖ್ಯಾತರು ಹೀಗೆ ಒತ್ತಾಗಿ ನೆಲೆಸಿರುವ ಕಡೆ ಮತವೂ ಭಾಷೆಯ ಜಾಡು ಹಿಡಿದು ಬೀಳುತ್ತದೆಂದು ಹೊರಗಿನವರು ಊಹಿಸುವುದು ಸಹಜ. ತಳಿಯ ಫಲಿತಾಂಶಗಳು ಈ ಊಹೆಯನ್ನು ಒಪ್ಪುವುದಿಲ್ಲ.

2001ರಲ್ಲಿ ಇಲ್ಲಿ ಗೆದ್ದವರು ಬಿಜೆಪಿಯ ಕೆ.ವಿ. ಮುರಳೀಧರನ್. ಆಗ ಬಿಜೆಪಿ ಡಿಎಂಕೆ ಮೈತ್ರಿಕೂಟದಲ್ಲಿತ್ತು. ರಾಜ್ಯದಾದ್ಯಂತ ಗಾಳಿ ಅಣ್ಣಾ ಡಿಎಂಕೆ ಕಡೆಗಿತ್ತು. ಆ ವರ್ಷ ಬಿಜೆಪಿಗೆ ತಮಿಳುನಾಡಿನಲ್ಲಿ ದಕ್ಕಿದ ನಾಲ್ಕು ಸ್ಥಾನಗಳಲ್ಲಿ ತಳಿಯೂ ಒಂದು. 2006ರಲ್ಲಿ ಟಿ. ರಾಮಚಂದ್ರನ್ ಪಕ್ಷೇತರರಾಗಿ ಗೆದ್ದರು. ಆ ವಿಧಾನಸಭೆಗೆ ಆಯ್ಕೆಯಾದ ಏಕೈಕ ಪಕ್ಷೇತರ ಅವರೇ. 2011ರಲ್ಲಿ ಅವರೇ ಸಿಪಿಐ ಅಭ್ಯರ್ಥಿಯಾಗಿ, ಅಣ್ಣಾ ಡಿಎಂಕೆ ಮೈತ್ರಿಯ ಬಲದೊಂದಿಗೆ ಮತ್ತೆ ಗೆದ್ದರು. 2016ರಲ್ಲಿ ಸಿಪಿಐ ಎರಡೂ ದ್ರಾವಿಡ ಪಕ್ಷಗಳನ್ನು ಬಿಟ್ಟು ಮಕ್ಕಳ್ ನಲ ಕೂಟಣಿ ಸೇರಿತು. ಆ ಕೂಟ ರಾಜ್ಯದಲ್ಲಿ ಒಂದು ಸ್ಥಾನವನ್ನೂ ಗಳಿಸಲಿಲ್ಲ, ಸಿಪಿಐಗೆ ಸಿಕ್ಕಿದ್ದು ಶೇ. 1ಕ್ಕಿಂತ ಕಡಿಮೆ ಮತ. ತಳಿಯಲ್ಲಿ ಡಿಎಂಕೆಯ ವೈ. ಪ್ರಕಾಶ್ ಗೆದ್ದರು, ರಾಮಚಂದ್ರನ್ ಎರಡನೆಯವರಾದರು. 2021ರಲ್ಲಿ ಸಿಪಿಐ ಡಿಎಂಕೆ ಜೊತೆಗೆ ಬಂದಾಗ ರಾಮಚಂದ್ರನ್ ಮೂರನೆಯ ಬಾರಿ ಗೆದ್ದರು.

ಅಭ್ಯರ್ಥಿಗೆ ಬಿದ್ದ ಮತವೆಷ್ಟು, ಪಕ್ಷಕ್ಕೆ ಬಿದ್ದದ್ದೆಷ್ಟು, ಮೈತ್ರಿಯಿಂದ ಬಂದದ್ದೆಷ್ಟು ಎಂದು ಬಿಡಿಸಿ ಹೇಳುವುದು ಮತದಾನ ಅಧ್ಯಯನದ ಅತಿ ಕಷ್ಟದ ಕೆಲಸ. ತಳಿಯಲ್ಲಿ ಒಬ್ಬನೇ ವ್ಯಕ್ತಿ ಪಕ್ಷವಿಲ್ಲದೆ, ಒಂದು ಮೈತ್ರಿಯೊಂದಿಗೆ, ದೊಡ್ಡ ಮೈತ್ರಿಯೇ ಇಲ್ಲದೆ, ಇನ್ನೊಂದು ಮೈತ್ರಿಯೊಂದಿಗೆ ಹೀಗೆ ನಾಲ್ಕು ಬಗೆಯಲ್ಲಿ ಕಣದಲ್ಲಿದ್ದಾನೆ. ಸಂಶೋಧಕನಿಗೆ ಇಂಥ ಅವಕಾಶ ಅಪರೂಪ. 2016ರ ಎರಡನೆಯ ಸ್ಥಾನವೇ ಇವುಗಳಲ್ಲಿ ಹೆಚ್ಚು ಹೇಳುವಂಥದ್ದು: ರಾಜ್ಯದಲ್ಲಿ ನೆಲಕಚ್ಚಿದ ಪಕ್ಷದ ಚಿಹ್ನೆಗೆ ಇಲ್ಲಿ ಬಿದ್ದ ಮತದ ಬಹುಪಾಲು ಆ ವ್ಯಕ್ತಿಗೂ ಅವರ ಸ್ಥಳೀಯ ಬಳಗಕ್ಕೂ ಸೇರಿದ್ದೆಂದು ಓದುವುದೇ ಸರಿ. ಗೆಲುವಿಗೆ ಮಾತ್ರ ಅಷ್ಟು ಸಾಲಲಿಲ್ಲ.

ಭಾಷೆ ಮತ್ತು ಮತ

ಬೇರೆ ಕೆಲವು ಗಡಿಗಳಲ್ಲಿ ಮತ ಭಾಷೆಯ ಜಾಡನ್ನೇ ಹಿಡಿಯಿತು. ಕಾಸರಗೋಡಿನ ಮಂಜೇಶ್ವರದಲ್ಲಿ ಕರ್ನಾಟಕ ಏಕೀಕರಣದ ಬೇಡಿಕೆ ಹೊತ್ತ ಕೆ. ಮಹಾಬಲ ಭಂಡಾರಿ 1960ರ ದಶಕದಲ್ಲಿ ಮತ್ತೆ ಮತ್ತೆ ಗೆದ್ದರು. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ 2013ರವರೆಗೂ ವಿಧಾನಸಭೆಗೆ ಶಾಸಕರನ್ನು ಕಳಿಸಿತು. 

ತಳಿಯಲ್ಲಿ ಕನ್ನಡದ ಹೆಸರಿನ ಪಕ್ಷ ಬೇರೂರಲಿಲ್ಲ. ಕಾರಣ ಊರುಗಳ ರಚನೆಯಲ್ಲೇ ಇದೆ. ಇಲ್ಲಿ ಎದುರಾಗಿ ನಿಂತಿರುವುದು ಎರಡು ಭಾಷೆಗಳಲ್ಲ, ಮೂರು ಭಾಷೆಗಳು ಹೆಣೆದುಕೊಂಡಿವೆ. ತೆಲುಗಿನ ರೆಡ್ಡಿಗಳು, ಕನ್ನಡದ ಒಕ್ಕಲಿಗರು, ಲಿಂಗಾಯತರು, ಕಾಡಂಚಿನ ಇರುಳಿಗರು, ಎಲ್ಲ ಭಾಷೆಗಳಲ್ಲೂ ಇರುವ ದಲಿತರು ಒಂದೇ ಪಂಚಾಯಿತಿಯಲ್ಲಿ ಬಾಳುತ್ತಾರೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ತಾಲ್ಲೂಕು ಕಚೇರಿಯಲ್ಲಿ ಮತ್ತೊಂದು ಮಾತಾಡುವುದು ಇಲ್ಲಿ ದಿನದ ರೂಢಿ. ಒಂದೇ ಭಾಷೆಯ ಮತ ನಂಬಿ ಗೆಲ್ಲಲು ಹೊರಟವನು ಮಿಕ್ಕೆರಡು ಭಾಷೆಯವರನ್ನು ಮೊದಲೇ ಕಳೆದುಕೊಳ್ಳುತ್ತಾನೆ.

ಹಾಗೆಂದು ಭಾಷೆ ಇಲ್ಲಿ ರಾಜಕೀಯ ವಿಷಯವೇ ಅಲ್ಲ ಎನ್ನುವುದು ಅನ್ಯಾಯ. 2006ರ ತಮಿಳು ಕಲಿಕೆ ಕಾಯ್ದೆ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಕನ್ನಡ, ತೆಲುಗು, ಉರ್ದು ಮಾಧ್ಯಮದ ಮಕ್ಕಳು ಹತ್ತನೆಯ ತರಗತಿ ಪರೀಕ್ಷೆಗೆ ವಿನಾಯಿತಿ ಕೇಳಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ವಿಷಯ 2023ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2024ರಲ್ಲಿ ಕೃಷ್ಣಗಿರಿಯ ಕಾಂಗ್ರೆಸ್ ಸಂಸದ ಕೆ. ಗೋಪಿನಾಥ್ ಲೋಕಸಭೆಯಲ್ಲಿ ತೆಲುಗಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಭಾಷೆಯ ಅಳಲು ಇಲ್ಲಿ ಬೇರೆ ಪಕ್ಷ ಕಟ್ಟಲಿಲ್ಲ, ಇರುವ ಪಕ್ಷಗಳ ಒಳಗೇ ದನಿ ಹುಡುಕಿಕೊಂಡಿತು. ಭಾಷಾ ಪಕ್ಷದ ಮತಗಳನ್ನಷ್ಟೇ ಎಣಿಸಿದರೆ ಈ ಅಳಲು ಲೆಕ್ಕಕ್ಕೇ ಸಿಗದು.

ಅಧ್ಯಯನದ ವಿಧಾನ

ಹಳ್ಳಿಯ ಮತವನ್ನು ಒಳಗಿನಿಂದ ನೋಡುವ ಕ್ರಮಕ್ಕೆ ಕನ್ನಡ ನಾಡಿನಲ್ಲೇ ಹಳೆಯ ಬೇರಿದೆ. ಮೈಸೂರು ಸೀಮೆಯ ರಾಂಪುರದಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ಊರಿನ ಯಜಮಾನರ ಹಿಡಿತದಲ್ಲಿದ್ದ ಮತಗಳನ್ನು ಕುರಿತು 1955ರ ಲೇಖನದಲ್ಲಿ ‘ವೋಟ್ ಬ್ಯಾಂಕ್’ ಎಂದು ಬರೆದರು. ಸಮೀಕ್ಷೆಯ ದಾರಿ ಬೇರೆ. ರಜನಿ ಕೊಠಾರಿ 1963ರಲ್ಲಿ ದೆಹಲಿಯಲ್ಲಿ ಸ್ಥಾಪಿಸಿದ ಸಿಎಸ್‌ಡಿಎಸ್ ಸಂಸ್ಥೆ 1967ರಿಂದ ರಾಷ್ಟ್ರೀಯ ಚುನಾವಣಾ ಅಧ್ಯಯನಗಳನ್ನು ನಡೆಸಿತು. 1990ರ ದಶಕದಲ್ಲಿ ಅದರ ಲೋಕನೀತಿ ಕಾರ್ಯಕ್ರಮ ಅವನ್ನು ಮತ್ತೆ ಕೈಗೆತ್ತಿಕೊಂಡಿತು. ಕರ್ನಾಟಕದ ರಾಜಕೀಯ ವಿಜ್ಞಾನಿ ಸಂದೀಪ್ ಶಾಸ್ತ್ರಿ ಈ ಜಾಲದ ರಾಷ್ಟ್ರೀಯ ಸಂಯೋಜಕರಾಗಿ ಹೆಸರಾದವರು.

ಲೋಕನೀತಿಯ ಚುನಾವಣೋತ್ತರ ಸಮೀಕ್ಷೆಯಲ್ಲಿ ಮತದಾರರ ಪಟ್ಟಿಯಿಂದ ನಿಗದಿತ ಅಂತರದಲ್ಲಿ ಹೆಸರುಗಳನ್ನು ಆರಿಸಿ, ಆ ವ್ಯಕ್ತಿಯನ್ನೇ ಹುಡುಕಿಕೊಂಡು ಮನೆಗೆ ಹೋಗುತ್ತಾರೆ. ಯಾರಿಗೆ ಮತ ಹಾಕಿದಿರಿ ಎಂದು ಬಾಯಿಮಾತಿನಲ್ಲಿ ಕೇಳುವುದಿಲ್ಲ. ಚಿಹ್ನೆಗಳಿರುವ ನಕಲು ಮತಪತ್ರ ಕೊಟ್ಟು, ಗುರುತು ಮಾಡಿ ಮಡಿಸಿ, ತಂದ ಪೆಟ್ಟಿಗೆಗೆ ಹಾಕಿಸುತ್ತಾರೆ. ಜಗಲಿಯಲ್ಲಿ ನೆರೆಯವರು ಕೂತಿದ್ದರೂ ಉತ್ತರದ ಗುಟ್ಟು ಉಳಿಯುತ್ತದೆ.

ಇದು ಒಳ್ಳೆಯ ಕ್ರಮ, ಆದರೆ ತಳಿಗೆ ಸಾಲದು. ರಾಜ್ಯಮಟ್ಟದ ಸಮೀಕ್ಷೆಯ ಮಾದರಿಗೆ ತಳಿ ಬಂದರೂ ಸಿಗುವುದು ಕೆಲವೇ ಮತಗಟ್ಟೆಗಳ ಕೆಲವೇ ಜನ. 1,000 ಜನರ ಯಾದೃಚ್ಛಿಕ ಮಾದರಿಯಲ್ಲಿ ತಪ್ಪಿನ ಅಂತರ ಸುಮಾರು ಶೇ. 3; 50 ಜನರಲ್ಲಿ ಅದು ಶೇ. 14ರ ಹತ್ತಿರ. ಅಷ್ಟರಲ್ಲಿ ಕನ್ನಡದವರನ್ನು ಬೇರೆ ಮಾಡಿ ನೋಡುವ ಮಾತೇ ಇಲ್ಲ. ಇನ್ನೊಂದು ತೊಡಕು ಜನಾಭಿಪ್ರಾಯದ್ದು. ಕನ್ನಡ ಸುದ್ದಿ ವಾಹಿನಿ ನೋಡುವ, ಕೆಲಸಕ್ಕೆ ಅತ್ತಿಬೆಲೆ, ಜಿಗಣಿ ಕಡೆಗೆ ಹೋಗಿಬರುವ ಮತದಾರನಿಗೆ ‘ಸರ್ಕಾರದ ಕೆಲಸ ಹೇಗಿದೆ’ ಎಂದರೆ ಯಾವ ಸರ್ಕಾರ ಎಂಬುದನ್ನೂ ಬಿಡಿಸಿ ಕೇಳಬೇಕು.

ಸಮೀಕ್ಷೆ ಬಿಟ್ಟ ಜಾಗವನ್ನು ನಮೂನೆ 20 ತುಂಬಬಲ್ಲದು. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬುದನ್ನು ಚುನಾವಣಾಧಿಕಾರಿ ಇದರಲ್ಲಿ ದಾಖಲಿಸುತ್ತಾರೆ. ಗುಮ್ಮಳಾಪುರದಂಥ ಕನ್ನಡ ಊರಿನ ಮತಗಟ್ಟೆಯನ್ನು ತೆಲುಗು, ತಮಿಳು ಊರುಗಳ ಮತಗಟ್ಟೆಗಳ ಪಕ್ಕದಲ್ಲಿಟ್ಟು ನೋಡಲು ಸಾಧ್ಯ. ಎರಡು ಎಚ್ಚರ ಬೇಕು. ಮತಗಟ್ಟೆಯ ಒಟ್ಟು ಮತದಿಂದ ಅಲ್ಲಿನ ಒಬ್ಬೊಬ್ಬರ ಆಯ್ಕೆಯನ್ನು ಊಹಿಸಬಾರದು. ಕನ್ನಡದವರು ಹೆಚ್ಚಿರುವ ಗಟ್ಟೆಯಲ್ಲಿ ಗೆದ್ದವನಿಗೆ ಕನ್ನಡದವರೇ ಮತ ಹಾಕಿದರೆನ್ನಲು ಅಷ್ಟೇ ಆಧಾರ ಸಾಲದು. ಎರಡನೆಯದು, 2008ರಲ್ಲಿ ಕ್ಷೇತ್ರಗಳ ಮರುವಿಂಗಡಣೆಯಾಗಿ ಗಡಿಗೆರೆಗಳು ಬದಲಾದವು. 2006ರ ಪಕ್ಷೇತರ ಗೆಲುವನ್ನು 2011ರ ಗೆಲುವಿನ ಜೊತೆ ಅಂಕಿಗೆ ಅಂಕಿ ಹೋಲಿಸುವಂತಿಲ್ಲ. ಎರಡೂ ಬಾರಿ ಕ್ಷೇತ್ರದಲ್ಲೇ ಉಳಿದ ಊರುಗಳನ್ನು ಮೊದಲು ಪಟ್ಟಿ ಮಾಡಿಕೊಂಡು, ಆ ಮತಗಟ್ಟೆಗಳನ್ನಷ್ಟೇ ಹೋಲಿಸಬೇಕಾಗುತ್ತದೆ.