ಪಾನಾ ಪೆಟ್ಟಿಗೆಯೊಳಗಿನ ಚರಿತ್ರೆ

ನಮ್ಮ ಊರುಗಳ ಗ್ಯಾರೇಜು ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, 'ಉಸ್ತಾದ್' ಎಂಬ ಕರೆ ಕಿವಿಗೆ ಬೀಳುತ್ತದೆ. ಕಾರಿನಡಿಯಲ್ಲಿ ಮಲಗಿರುವ ಉಸ್ತಾದ್ 'ಬಾರಾ-ತೇರಾ' ಎಂದು ಕೈ ಚಾಚುತ್ತಾರೆ. ಹುಡುಗ ಪೆಟ್ಟಿಗೆಯೊಳಗೆ ಕೈ ಹಾಕಿ, ಕಣ್ಣಿನಿಂದ ನೋಡದೆಯೇ, ಒಂದು ತುದಿ 12 ಮಿಲಿಮೀಟರ್, ಇನ್ನೊಂದು ತುದಿ 13 ಮಿಲಿಮೀಟರ್ ಇರುವ ಪಾನಾವನ್ನು ತೆಗೆದು ಕೊಡುತ್ತಾನೆ. ನಮ್ಮಲ್ಲಿ ಅನೇಕ ಮನೆಗಳ ಅನ್ನವೂ ಮಕ್ಕಳ ಶಾಲೆಯ ಶುಲ್ಕವೂ ಇಂಥ ಪೆಟ್ಟಿಗೆಯಿಂದಲೇ ಬಂದಿವೆ. ಆದರೆ ಆ ಅಂಕಿಗಳು ಎಲ್ಲಿಂದ ಬಂದವು, ಅವುಗಳ ಹಿಂದೆ ಎಷ್ಟು ಜಗಳ ನಡೆದಿದೆ ಎಂಬುದನ್ನು ನಮಗೆ ಯಾವ ತರಗತಿಯಲ್ಲೂ ಹೇಳಿಕೊಡಲಿಲ್ಲ.

ಈಗ ಸ್ವಂತ ಕಾರು ಇಟ್ಟುಕೊಂಡ ಹಲವರು ಸಣ್ಣಪುಟ್ಟ ರಿಪೇರಿಯನ್ನು ಮನೆಯಂಗಳದಲ್ಲೇ ಮಾಡಿಕೊಳ್ಳಲು ಬಯಸುತ್ತಾರೆ. ಒಳ್ಳೆಯ ಆಸೆಯೇ. ಅಂಗಡಿಗೆ ಹೋಗಿ ನೂರೆಂಟು ತುಂಡುಗಳ ಸಾಕೆಟ್ ಸೆಟ್ ತರುತ್ತಾರೆ. ಪೆಟ್ಟಿಗೆ ತೆರೆದರೆ ಅರ್ಧ ಸಾಕೆಟ್‌ಗಳ ಮೇಲೆ ಇಂಚಿನ ಭಿನ್ನರಾಶಿ, ಇನ್ನರ್ಧದ ಮೇಲೆ ಮಿಲಿಮೀಟರ್. ಮಿಲಿಮೀಟರ್ ಸಾಕೆಟ್‌ನ ಹಿಂಬದಿಯ ಚೌಕ ರಂಧ್ರ ಮಾತ್ರ ಮತ್ತೆ ಇಂಚು! ಈ ಗೊಂದಲವನ್ನು ಬಿಡಿಸಬೇಕಾದರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಅಳತೆಯ ಮಹತ್ವವೇನೋ ಅದಕ್ಕಿಂತ ಬಹಳ ಹಳೆಯದು. ಪ್ರವಾದಿ ದಾವೂದ್(ಅ) ಅವರಿಗೆ ಕಬ್ಬಿಣವನ್ನು ಮೆದುವಾಗಿಸಿಕೊಟ್ಟ ಬಗ್ಗೆ ಪವಿತ್ರ ಕುರ್‌ಆನಿನ 'ಸಬಾ' ಅಧ್ಯಾಯದಲ್ಲಿ ಉಲ್ಲೇಖವಿದೆ. ಯುದ್ಧಕವಚ ಮಾಡುವಾಗ ಅದರ ಬಳೆಗಳ ಅಳತೆ ಸರಿಯಾಗಿರಲಿ ಎಂಬ ಆದೇಶವೂ ಅಲ್ಲಿಯೇ ಬರುತ್ತದೆ. ಆದರೆ ಒಬ್ಬ ಕಮ್ಮಾರ ತನ್ನ ಕೆಲಸದಲ್ಲಿ ಅಳತೆ ಪಾಲಿಸುವುದು ಒಂದು ಮಾತು, ಸಾವಿರ ಕಾರ್ಖಾನೆಗಳು ಒಂದೇ ಅಳತೆಯನ್ನು ಒಪ್ಪುವುದು ಬೇರೆಯೇ ಮಾತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪ್ರತಿಯೊಂದು ಕಾರ್ಖಾನೆಯೂ ತನಗೆ ತೋಚಿದ ಹಾಗೆ ಬೋಲ್ಟಿನ ಥ್ರೆಡ್ ಕೊರೆಯುತ್ತಿತ್ತು. ಒಂದು ಕಡೆಯ ನಟ್ಟು ಇನ್ನೊಂದು ಕಡೆಯ ಬೋಲ್ಟಿಗೆ ಕೂರುತ್ತಿರಲಿಲ್ಲ. ಯಂತ್ರ ಕೆಟ್ಟರೆ ಅದನ್ನು ಮಾಡಿದವನ ಬಾಗಿಲಿಗೇ ಹೋಗಬೇಕಿತ್ತು.

ಇದನ್ನು ಬದಲಿಸಿದವರು ಜೋಸೆಫ್ ವಿಟ್‌ವರ್ತ್. ಹೆನ್ರಿ ಮಾಡ್‌ಸ್ಲೇ ಎಂಬ ಪ್ರಸಿದ್ಧ ಯಂತ್ರಶಿಲ್ಪಿಯ ಕಾರ್ಖಾನೆಯಲ್ಲಿ ಕೈಪಳಗಿಸಿಕೊಂಡ ಈತ ದೇಶದ ಬೇರೆ ಬೇರೆ ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ಒಂದೇ ಪದ್ಧತಿಯ ಪ್ರಸ್ತಾವವನ್ನು ಇಟ್ಟರು. ಥ್ರೆಡ್ಡಿನ ಕೋನ 55 ಡಿಗ್ರಿ. ಇಂತಿಷ್ಟು ದಪ್ಪದ ಬೋಲ್ಟಿಗೆ ಇಂಚಿಗೆ ಇಂತಿಷ್ಟೇ ಸುತ್ತು. ರೈಲ್ವೆಗಳು ಒಪ್ಪಿಕೊಂಡವು, ಬ್ರಿಟಿಷರ ಯಂತ್ರಗಳ ಜೊತೆಯಲ್ಲಿ ಆ ಪದ್ಧತಿ ನಮ್ಮ ದೇಶಕ್ಕೂ ಬಂತು. ಹಳೆಯ ಉಸ್ತಾದರ ಪೆಟ್ಟಿಗೆಯ ತಳದಲ್ಲಿ ಇಂದಿಗೂ ಒಂದೆರಡು ವಿಟ್‌ವರ್ತ್ ಪಾನಾಗಳು ಸಿಕ್ಕರೆ ಆಶ್ಚರ್ಯವಿಲ್ಲ. ಅವುಗಳ ಒಂದು ತಮಾಷೆಯನ್ನು ಗಮನಿಸಬೇಕು. ಪಾನಾದ ಮೇಲೆ ಅರ್ಧ ಇಂಚು ಎಂದು ಬರೆದಿದ್ದರೂ ಅದರ ಬಾಯಿ ಮುಕ್ಕಾಲು ಇಂಚಿಗಿಂತ ಅಗಲವಾಗಿರುತ್ತದೆ. ಏಕೆಂದರೆ ಅಲ್ಲಿ ಬರೆದದ್ದು ಬೋಲ್ಟಿನ ಕಾಂಡದ ದಪ್ಪ, ತಲೆಯ ಅಗಲವಲ್ಲ.

ಅಮೆರಿಕದವರು ಇದನ್ನು ಒಪ್ಪಲಿಲ್ಲ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿ ಕೋನದ ಬೇರೆ ಪದ್ಧತಿಯನ್ನು ಮುಂದಿಟ್ಟರು. ಯುರೋಪಿನ ಇತರ ದೇಶಗಳು 1898ರಲ್ಲಿ ಜ್ಯೂರಿಚ್ ನಗರದಲ್ಲಿ ಸೇರಿ ಮಿಲಿಮೀಟರ್ ಲೆಕ್ಕದ ಥ್ರೆಡ್ಡನ್ನು ನಿರ್ಧರಿಸಿದವು. ಹೀಗೆ ಜಗತ್ತಿನಲ್ಲಿ ಮೂರು ಮನೆಗಳಾದವು. ಇದರ ಬೆಲೆ ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. ಬ್ರಿಟನ್ನಿನ ಮರ್ಲಿನ್ ವಿಮಾನ ಇಂಜಿನನ್ನು ತಯಾರಿಸಲು ಒಪ್ಪಿಕೊಂಡ ಅಮೆರಿಕದ ಪ್ಯಾಕರ್ಡ್ ಕಂಪನಿ, ಬ್ರಿಟಿಷ್ ಥ್ರೆಡ್ ಕೊರೆಯುವ ಉಪಕರಣಗಳನ್ನು ಮೊದಲು ತಾನೇ ತಯಾರಿಸಿಕೊಳ್ಳಬೇಕಾಯಿತು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಅಮೆರಿಕ, ಬ್ರಿಟನ್ ಮತ್ತು ಕೆನಡಾ ಒಂದೇ ಇಂಚಿನ ಥ್ರೆಡ್ಡಿಗೆ ಸಹಿ ಹಾಕಿದವು. 1947ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಒಂದನೇ ನಂಬರಿನ ತಾಂತ್ರಿಕ ಸಮಿತಿ ಯಾವುದಕ್ಕೆ ಸಂಬಂಧಿಸಿದ್ದು ಗೊತ್ತೇ? ತಿರುಪಿನ ಥ್ರೆಡ್ಡಿಗೆ!

ಇನ್ನು ಸಾಕೆಟ್ಟಿನ ವಿಷಯ. ಹಲ್ಲಿನ ಚಕ್ರ, ಅದನ್ನು ಒಂದು ಕಡೆಗೆ ಮಾತ್ರ ತಿರುಗಲು ಬಿಡುವ ಸಣ್ಣ ನಾಲಗೆ, ಇಷ್ಟೇ ರ‍್ಯಾಚೆಟ್. ಅಮೆರಿಕದ ವರ್ಮಾಂಟಿನ ರಿಚರ್ಡ್‌ಸನ್ ಎಂಬಾತ 1863ರಲ್ಲೇ ಇಂಥ ಸಾಕೆಟ್ ಹಿಡಿಗೆ ಪೇಟೆಂಟ್ ಪಡೆದಿದ್ದ. ಆದರೆ ಕಾರುಗಳು ಬರುವವರೆಗೆ ಅದಕ್ಕೆ ಹೆಚ್ಚಿನ ಗಿರಾಕಿ ಇರಲಿಲ್ಲ. ಫೋರ್ಡ್ ಕಂಪನಿಯ ಮಾಡೆಲ್ ಟಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ತಯಾರಾಯಿತು. ರಿಪೇರಿಯೇ ಒಂದು ಕಸುಬಾಯಿತು. ಆ ಕಾಲದಲ್ಲಿ ಪ್ರತಿಯೊಂದು ಸಾಕೆಟ್ಟಿಗೂ ಅದರದೇ ಹಿಡಿಯನ್ನು ಸೇರಿಸಿಯೇ ಮಾರುವುದು ವಾಡಿಕೆ. ಮಿಲ್ವಾಕಿಯ ಜೋಸೆಫ್ ಜಾನ್ಸನ್ ಮತ್ತು ವಿಲಿಯಂ ಸೈಡ್‌ಮನ್ ಎಂಬ ಯುವಕರು, ಹಿಡಿ ಬೇರೆ, ಸಾಕೆಟ್ ಬೇರೆ ಮಾಡಿ, ಚೌಕ ತುದಿಯಿಂದ ಒಂದಕ್ಕೊಂದು ಸಿಕ್ಕಿಸುವ ಉಪಾಯ ಮಾಡಿದರು. ಐದು ಹಿಡಿ, ಹತ್ತು ಸಾಕೆಟ್. ಲೆಕ್ಕ ಹಾಕಿದರೆ ಐವತ್ತು ಪಾನಾಗಳ ಕೆಲಸ. 1920ರಲ್ಲಿ ಇದರಿಂದಲೇ ಸ್ನ್ಯಾಪ್-ಆನ್ ಕಂಪನಿ ಆರಂಭವಾಯಿತು.

ಆ ಚೌಕ ತುದಿ ಅಮೆರಿಕದಲ್ಲಿ ಇಂಚಿನ ಲೆಕ್ಕದಲ್ಲಿ ನೆಲೆಯೂರಿದ್ದರಿಂದ ಜಗತ್ತು ಅದನ್ನೇ ಒಪ್ಪಿಕೊಂಡಿತು. ಜಪಾನಿನಲ್ಲಿ ಮಾಡಿದ ಮಿಲಿಮೀಟರ್ ಸಾಕೆಟ್ಟಿಗೂ ಇಂದು ಕಾಲು ಇಂಚು, ಮೂರು ಎಂಟಾಂಶ ಇಂಚು ಅಥವಾ ಅರ್ಧ ಇಂಚಿನ ಚೌಕವೇ ಇರುತ್ತದೆ. ಎಲ್ಲೋ ಮಾಡಿದ ಹಿಡಿಗೆ ಇನ್ನೆಲ್ಲೋ ಮಾಡಿದ ಸಾಕೆಟ್ ಕೂರುತ್ತದೆಂದರೆ ಅದಕ್ಕೆ ಇದೇ ಕಾರಣ. ಮನೆಯಲ್ಲಿ ಉಪಕರಣ ಕೂಡಿಡುವವನಿಗೆ ಇದು ದೊಡ್ಡ ಅನುಕೂಲ. ಎಲ್ಲವನ್ನೂ ಒಂದೇ ದಿನ, ಒಂದೇ ಕಂಪನಿಯದು ಕೊಳ್ಳಬೇಕಾಗಿಲ್ಲ.

ನಮ್ಮ ದೇಶದ ಕಥೆ ಇನ್ನೂ ಸ್ವಾರಸ್ಯದ್ದು. 1957ರಲ್ಲಿ ಬಂದ ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ನಕಲು. ಅದಕ್ಕೆ ಇಂಚಿನ ಪಾನಾ ಬೇಕು. ಮಲೆನಾಡಿನ ತೋಟಗಳಲ್ಲಿ ಓಡಾಡಿದ ಜೀಪಿಗೂ ಇಂಚಿನದೇ. ಬೊಂಬಾಯಿಯ ಫಿಯೆಟ್ ಇಟಲಿಯ ಸಂತಾನ, ಅದಕ್ಕೆ ಮಿಲಿಮೀಟರ್. ತೂಕ ಮತ್ತು ಅಳತೆಯ ಕಾಯಿದೆ 1956ರಲ್ಲಿ ಬಂದು ಅಂಗಡಿಗಳಲ್ಲಿ ಸೇರು ಹೋಗಿ ಕಿಲೋ ಬಂದರೂ, ಗ್ಯಾರೇಜಿನ ಪೆಟ್ಟಿಗೆಯಲ್ಲಿ ಎರಡೂ ಉಳಿದವು. ನಮ್ಮ ಉಸ್ತಾದರು ಒಂದು ದಿನವೂ ಶಾಲೆಯಲ್ಲಿ ಭಿನ್ನರಾಶಿ ಕಲಿಯದಿದ್ದರೂ ಐದು ಹದಿನಾರಾಂಶ ಇಂಚು ಮತ್ತು 8 ಮಿಲಿಮೀಟರ್ ಹೆಚ್ಚುಕಡಿಮೆ ಒಂದೇ, ಮುಕ್ಕಾಲು ಇಂಚು ಮತ್ತು 19 ಮಿಲಿಮೀಟರ್ ಸಹ ಹಾಗೆಯೇ, ಆದರೆ ಅರ್ಧ ಇಂಚಿನ ಬೋಲ್ಟಿಗೆ 13ನ್ನು ಹಾಕಿದರೆ ಮೂಲೆ ಸವೆಯುತ್ತದೆ ಎಂದು ಕೈಯಿಂದಲೇ ಅರಿತಿದ್ದರು. ಇದು ಗಣಿತವಲ್ಲದೆ ಮತ್ತೇನು?

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಅದರ ಜೊತೆಯಲ್ಲಿ ಜಪಾನಿನ ಅಳತೆಯೂ ಬಂತು: 8, 10, 12, 14, 17. ಬಿಡದಿಯಲ್ಲಿ ಕಾರ್ಖಾನೆ ತೆರೆದ ಟೊಯೊಟಾದ ಬೋಲ್ಟುಗಳದೂ ಇದೇ ಸಾಲು. ಯುರೋಪ್ ಮೂಲದ ಕಾರಾದರೆ 12ರ ಜಾಗದಲ್ಲಿ 13, 14ರ ಜಾಗದಲ್ಲಿ 16 ಬರುತ್ತದೆ. 8 ಮಿಲಿಮೀಟರ್ ದಪ್ಪದ ಒಂದೇ ಬೋಲ್ಟಿಗೆ ಜಪಾನಿನವರು 12ರ ತಲೆ ಇಟ್ಟರೆ ಜರ್ಮನಿಯವರು 13ರ ತಲೆ ಇಟ್ಟರು, ಅಷ್ಟೇ. ಆದ್ದರಿಂದ ನಿಮ್ಮ ಕಾರು ಯಾವ ದೇಶದ ವಂಶ ಎಂದು ತಿಳಿದರೆ ನೂರೆಂಟು ತುಂಡುಗಳ ಪೆಟ್ಟಿಗೆ ಬೇಡ. ಮೂರು ಎಂಟಾಂಶದ ಒಂದು ಒಳ್ಳೆಯ ರ‍್ಯಾಚೆಟ್, ಅದಕ್ಕೆ 8ರಿಂದ 19ರವರೆಗೆ ಬೇಕಾದ ಸಾಕೆಟ್‌ಗಳು, ಉದ್ದ ಮತ್ತು ಗಿಡ್ಡ ಎರಡು ಎಕ್ಸ್‌ಟೆನ್ಶನ್, ಸ್ಪಾರ್ಕ್ ಪ್ಲಗ್ಗಿನ ಒಂದು ಸಾಕೆಟ್ ಸಾಕು. ಚಕ್ರದ ನಟ್ಟಿಗೆ ಅರ್ಧ ಇಂಚಿನ ಉದ್ದ ಹಿಡಿಯನ್ನು ಮುಂದಿನ ತಿಂಗಳು ಕೊಳ್ಳಬಹುದು. ಸಾಕೆಟ್ಟಿನ ಒಳಗೆ ಹನ್ನೆರಡು ಮೂಲೆ ಇರುವುದಕ್ಕಿಂತ ಆರು ಮೂಲೆಯದನ್ನು ಆರಿಸಿ. ತುಕ್ಕು ಹಿಡಿದ ಬೋಲ್ಟನ್ನು ಅದು ಪೂರ್ತಿ ಅಪ್ಪಿ ಹಿಡಿಯುತ್ತದೆ. ರ‍್ಯಾಚೆಟ್ಟಿನಲ್ಲಿ 24 ಹಲ್ಲಿದ್ದರೆ ಪ್ರತಿ ಸಲ 15 ಡಿಗ್ರಿ ತಿರುಗಿಸಲು ಜಾಗ ಬೇಕು, 72 ಹಲ್ಲಿದ್ದರೆ 5 ಡಿಗ್ರಿ ಸಾಕು. ಇಕ್ಕಟ್ಟಿನಲ್ಲಿ ಕೈ ಆಡಿಸಿದವರಿಗೆ ಇದರ ಬೆಲೆ ಗೊತ್ತು.

ಬಿಗಿಯುವುದಕ್ಕೂ ಅಳತೆಯಿದೆ ಎಂಬುದನ್ನು ನಾನು ತಡವಾಗಿ ಕಲಿತೆ. ಮೊದಲ ಸಲ ಮನೆಯಲ್ಲೇ ಇಂಜಿನ್ ಆಯಿಲ್ ಬದಲಿಸಿ, ಡ್ರೈನ್ ಬೋಲ್ಟನ್ನು ಮೈಯ ಬಲವನ್ನೆಲ್ಲಾ ಹಾಕಿ ಬಿಗಿದು ಥ್ರೆಡ್ ಕೆಡಿಸಿದವನು ನಾನು. ಬೆಳಗ್ಗೆ ನೋಡಿದರೆ ಅಂಗಳದ ತುಂಬಾ ಎಣ್ಣೆ. ನ್ಯೂಯಾರ್ಕಿನ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಕೂಡ ನೆಲದಡಿಯ ಕೊಳವೆಗಳ ಬೋಲ್ಟುಗಳನ್ನು ಕೆಲಸಗಾರರು ಅತಿಯಾಗಿ ಬಿಗಿಯುವುದನ್ನು ಕಂಡೇ 1918ರಲ್ಲಿ ಟಾರ್ಕ್ ರೆಂಚನ್ನು ರೂಪಿಸಿದರಂತೆ. ಉಸ್ತಾದರ ಮೊಣಕೈಗೆ ಈ ಅಳತೆ ತಾನಾಗಿ ಗೊತ್ತಿರುತ್ತದೆ. ನಮ್ಮಂಥವರು ಆ ಉಪಕರಣ ಕೊಳ್ಳುವುದೇ ವಾಸಿ.

ಉಸ್ತಾದರ ಮೊಣಕೈಗೆ ಗೊತ್ತಿರುವುದು ಕಾಗದದ ಮೇಲೆ ಬರುವುದಿಲ್ಲವಲ್ಲ, ಅದೇ ನನ್ನ ಕೊರಗು. ಹಿಂದೆ ಹೀಗಿರಲಿಲ್ಲ. ದಿಯಾರ್‌ಬಕಿರ್‌ನ ಅರ್ತುಕಿ ಸುಲ್ತಾನರ ಆಸ್ಥಾನದಲ್ಲಿದ್ದ ಅಲ್-ಜಝರಿ 1206ರಲ್ಲಿ ಪೂರ್ಣಗೊಳಿಸಿದ ಯಂತ್ರಗ್ರಂಥದಲ್ಲಿ ಐವತ್ತು ಯಂತ್ರಗಳ ವಿವರಣೆಯಿದೆ. ಪ್ರತಿ ಬಿಡಿಭಾಗಕ್ಕೂ ಚಿತ್ರದಲ್ಲಿ ಒಂದೊಂದು ಅಕ್ಷರ ಗುರುತು, ಅದರ ಅಳತೆ, ಅದನ್ನು ಮಾಡುವ ಬಗೆ. ಮುಂದೆ ಬರುವ ಇನ್ನೊಬ್ಬ ಕುಶಲಕರ್ಮಿ ಓದಿ ಮಾಡಲಿ ಎಂದೇ ಬರೆದದ್ದು. ಕೈಯಲ್ಲಿ ಎಣ್ಣೆ ಹತ್ತಿದವನೇ ಲೇಖನಿಯನ್ನೂ ಹಿಡಿದಿದ್ದ.

ನಮ್ಮ ಹುಡುಗರಿಗೆ ಹೇಳಲೇಬೇಕಾದ ಇನ್ನೊಂದು ಘಟನೆ ಅಮೆರಿಕದ್ದು. ಪೀಟರ್ ರಾಬರ್ಟ್ಸ್ ಎಂಬ ಹದಿನೆಂಟರ ಹುಡುಗ ಸಿಯರ್ಸ್ ಎಂಬ ದೊಡ್ಡ ಮಳಿಗೆಯಲ್ಲಿ ಗುಮಾಸ್ತ. ಒಂದು ಗುಂಡಿ ಒತ್ತಿದರೆ ಸಾಕೆಟ್ ಕಳಚಿ ಬೀಳುವ ರ‍್ಯಾಚೆಟ್ಟನ್ನು ಬಿಡುವಿನ ವೇಳೆಯಲ್ಲಿ ಮಾಡಿದ. ಎಣ್ಣೆ ಮೆತ್ತಿದ ಕೈಯಲ್ಲಿ ಸಾಕೆಟ್ ಬದಲಿಸಿದವರಿಗೆ ಅದು ಎಂಥ ಉಪಕಾರವೆಂದು ಹೇಳಬೇಕಾಗಿಲ್ಲ. 1965ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೆ ಅಷ್ಟೇನೂ ಬೆಲೆಯಿಲ್ಲವೆಂದು ನಂಬಿಸಿದ ಕಂಪನಿ, ಒಂದಕ್ಕೆ ಎರಡು ಸೆಂಟಿನಂತೆ, ಒಟ್ಟು ಹತ್ತು ಸಾವಿರ ಡಾಲರ್ ಮೀರದಂತೆ ಹಕ್ಕನ್ನು ಕೊಂಡಿತು. ಮುಂದೆ ಅಂಥ ರ‍್ಯಾಚೆಟ್ಟುಗಳು ಕೋಟಿಗಟ್ಟಲೆ ಮಾರಾಟವಾದವು. ವಿಷಯ ತಿಳಿದ ರಾಬರ್ಟ್ಸ್ 1969ರಲ್ಲಿ ದಾವೆ ಹೂಡಿದ. 1977ರಲ್ಲಿ ನ್ಯಾಯದರ್ಶಿಗಳು ವಂಚನೆ ನಡೆದಿದೆಯೆಂದು ತೀರ್ಮಾನಿಸಿ ಹತ್ತು ಲಕ್ಷ ಡಾಲರ್ ಕೊಡಿಸಿದರು. ಅಲ್ಲಿಗೂ ಮುಗಿಯದೆ, ಮೇಲ್ಮನವಿ, ಮರುವಿಚಾರಣೆಗಳ ನಂತರ 1989ರಲ್ಲಿ ರಾಜಿಯಾಯಿತು. ಹದಿನೆಂಟರಲ್ಲಿ ರ‍್ಯಾಚೆಟ್ ಮಾಡಿದ ಹುಡುಗನಿಗೆ ಆಗ ನಲವತ್ತು ದಾಟಿತ್ತು.